ಇಬ್ಬರಿಗೊಂದು ವಿಳಾಸ

“ಒಂದು ವಿಳಾಸ ಅಂದ್ರೆ ಒಬ್ಬರೇ ಮನುಷ್ಯರು ಅಂತ ಯಾರು ಹೇಳಿದ್ದು?”

ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ. ತನ್ನ ದನಿಗೆ ತಾನೇ ನಾಚಿ ಮಾರ್ಲಿಸ್ ಉನ್ರಾವ್ ರೇಡಿಯೋ ಹಾಕಿದಳು. ಗೋಧಿಯ ಧಾರಣೆ ಓದುತ್ತಿದ್ದ ಗಂಡಸು ತೀರಾ ಗೆಲುವಾಗಿದ್ದಾನೆ ಅನ್ನಿಸಿ ಆರಿಸಿಬಿಟ್ಟಳು. ವಿನಿಪೆಗ್ ಬಿಟ್ಟು ಮುಕ್ಕಾಲು ಗಂಟೆಯಾಗಿತ್ತು. ಏಪ್ರಿಲ್ ಮೊದಲ ವಾರ. ಹೊಲಗಳ ಮೇಲಿನ ಹಿಮ ಕರಗಿ ನೀರಾಗಿತ್ತು. ಹರಿದುಹೋಗಲು ಎಲ್ಲೂ ಇಳಿಜಾರಿಲ್ಲದೆ ಕಣ್ಣು ಹಾಯುವವರೆಗೂ ಸುಮ್ಮನೆ ನಿಂತಿತ್ತು. ನಡುನಡುವೆ ಹೋದ ವರ್ಷದ ಕೂಳೆ ಸಾಲಾಗಿ ತಲೆ ಎತ್ತಿತ್ತು. ಪಕ್ಕದ ಸೀಟಿನ ಮೇಲೆ ಕಂದು ಲಕೋಟೆ, ಅದರೊಳಗೆ ಒಂದೇ ಹಾಳೆ, ಕಂಪನಿಯ ಮೇಲೆ ದೂರಿಲ್ಲ ಎಂಬ ಒಪ್ಪಿಗೆ ಪತ್ರ. ಆ ಹಾಳೆಗೆ ಗ್ರೂನ್‌ಹೋಫ್ ಊರಿನ ಎಲ್ಫ್ರೀಡಾ ಬರ್ಗೆನ್ ಎಂಬ ಅರವತ್ತೊಂದು ವರ್ಷದ ಹೆಂಗಸಿನ ಸಹಿ ಬೇಕಾಗಿತ್ತು. ಸಹಿ ಬಿದ್ದರೆ ಕಂಪನಿ ಉಳಿಯುತ್ತದೆ ಎಂದು ಯಜಮಾನ ಬಾಯ್ಚುಕ್ ಹೇಳಿದ್ದ. ಮಾರ್ಲಿಸ್‌ಗೆ ಆ ಹೆಂಗಸಿನಿಂದ ಬೇಕಾಗಿದ್ದದ್ದೇ ಬೇರೆ. ಅದಕ್ಕೆ ಹಾಳೆಯಲ್ಲಿ ಜಾಗ ಬಿಟ್ಟಿರಲಿಲ್ಲ.

“ನಿಮ್ಮ ಜನ ತಾನೆ ಅವರು?” ಎಂದು ಬಾಯ್ಚುಕ್ ಬೆಳಿಗ್ಗೆ ಅವಳ ಮೇಜಿನ ಅಂಚಿಗೆ ಕುಂಡೆ ಊರಿ ಕೇಳಿದ್ದ. “ನೀನೇ ಹೋಗು. ಅವರ ಭಾಷೇಲಿ ಎರಡು ಮಾತಾಡು, ಆ ನಿಮ್ಮ ಹಳ್ಳಿ ಜರ್ಮನ್ನು. ನಿಮ್ಮ ಇಗರ್ಜಿಯೋರು ಧರ್ಮದ ಕಟ್ಟಳೆ ಅಂತ ಕೋರ್ಟಿಗೆ ಹೋಗಲ್ಲ ಅಂತಾರಲ್ಲ, ನಿಜಾನಾ?”

“ಹೋಗಲ್ಲ.”

“ಎಂಥ ಬಂಗಾರದ ಗಿರಾಕಿಗಳಪ್ಪ!”

ಎದುರು ಮೇಜಿನ ರೊವೆನಾ ಪರದೆಯಿಂದ ಕಣ್ಣು ತೆಗೆಯದೆ, “ನೀವೇ ಹೋಗಿ ಬಾಸ್. ನಿಮ್ಮ ಮುಖ ಕಂಡ್ರೆ ಅವರಿಗೆ ತಕ್ಷಣ ದೇವರ ನೆನಪಾಗುತ್ತೆ” ಎಂದಳು. ಬಾಯ್ಚುಕ್ ನಕ್ಕ. ಮಾರ್ಲಿಸ್ ಕೂಡ ನಕ್ಕಳು, ಒಂದು ಗಳಿಗೆ ತಡವಾಗಿ. ಮನಿಲಾದಿಂದ ಬಂದು ಹದಿನೈದು ವರ್ಷವಾದ ರೊವೆನಾಗೆ ಇಲ್ಲಿ ತನ್ನ ಜನ ಯಾರು, ಅಲ್ಲದವರು ಯಾರು ಎಂಬ ಬಗ್ಗೆ ಗೊಂದಲವಿರಲಿಲ್ಲ. ಎಂಬತ್ತು ಕಿಲೋಮೀಟರ್ ಆಚೆ ಹುಟ್ಟಿದ ಮಾರ್ಲಿಸ್‌ಗೆ ಇತ್ತು. ಹದಿನೆಂಟಕ್ಕೆ ಊರು ಬಿಟ್ಟವಳು. ಊರಿನ ದನಿಯನ್ನು ನಾಲಿಗೆಯಿಂದ ಉಜ್ಜಿ ತೆಗೆದವಳು. ಆದರೂ ಯಾರಾದರೂ ‘ನಿಮ್ಮ ಜನ’ ಅಂದ ಕೂಡಲೇ ಅವಳ ಮೊಣಕಾಲುಗಳು ತಾವಾಗಿ ಒಂದಕ್ಕೊಂದು ತಾಗಿಕೊಂಡು ಇಗರ್ಜಿಯ ಬೆಂಚಿನ ಮೇಲೆ ಕೂತ ಹಾಗೆ ಕೂರುತ್ತಿದ್ದವು.

ಲ್ಯಾಂಟರ್ನ್ ಎಂಬ ಆ್ಯಪ್ ಏಳು ಜನರ ಅವರ ಕಚೇರಿಯಲ್ಲೇ ತಯಾರಾದದ್ದು. ಹೊಲಗಳ ನಡುವಿನ ಮನೆಗಳಲ್ಲಿ ಇರುವವರು ತಮ್ಮ ಮನಸ್ಸಿನೊಳಗಿನದನ್ನು ಬರೆಯುತ್ತಾರೆ, ದೂರದ ಆಪ್ತಸಲಹೆಯ ಕೇಂದ್ರದಲ್ಲಿ ಕೂತವರು ಓದಿ ಉತ್ತರ ಕೊಡುತ್ತಾರೆ; ಅದರ ಕೆಲಸ ಅಷ್ಟೇ. ಫೋನಿನಲ್ಲೂ ಬರೆಯಬಹುದು, ಕಂಪ್ಯೂಟರಿನಲ್ಲೂ ಬರೆಯಬಹುದು. ಹೋದ ಚಳಿಗಾಲದವರೆಗೆ ಒಬ್ಬೊಬ್ಬರಿಗೂ ಅವರವರದೇ ಪಾಸ್‌ವರ್ಡ್ ಇತ್ತು, ಅದನ್ನು ಅವರು ಮರೆಯುತ್ತಿದ್ದರು. ಮರೆತು ಕೇಂದ್ರಕ್ಕೆ ಫೋನು ಮಾಡುತ್ತಿದ್ದರು, ಕೇಂದ್ರದವರು ಬಾಯ್ಚುಕ್‌ಗೆ ಮಾಡುತ್ತಿದ್ದರು. ಆಗ ತೀರ್ಮಾನವಾದದ್ದು ಪಾಸ್‌ವರ್ಡಿನ ಬದಲು ಒಂದು ಗುಂಡಿ. ದೊಡ್ಡ ಕಂಪನಿಯೊಂದರ ಖಾತೆ ಹೇಗೂ ಎಲ್ಲರ ಫೋನಿನಲ್ಲಿ ಇದ್ದೇ ಇದೆ. ಬಾಗಿಲಿಗೆ ಬಂದಿರುವವರು ಇಂಥವರೇ ಎಂದು ಆ ಕಂಪನಿ ಸಾಕ್ಷಿ ಹೇಳಲಿ, ಲ್ಯಾಂಟರ್ನ್ ಒಳಕ್ಕೆ ಬಿಟ್ಟುಕೊಳ್ಳಲಿ. ಒಂದೇ ಒತ್ತು. ಮೂರು ವಾರ ಮಾರ್ಲಿಸ್ ಅದನ್ನು ಕೂರಿಸಿದಳು. ದೊಡ್ಡ ಕಂಪನಿಯಲ್ಲಿ ಲ್ಯಾಂಟರ್ನ್ ಹೆಸರನ್ನು ನೋಂದಾಯಿಸಿದಳು. ಸಾಕ್ಷಿ ಹೇಳಿ ಮುಗಿದ ಮೇಲೆ ಜನರನ್ನು ಎಲ್ಲಿಗೆ ಹಿಂದಕ್ಕೆ ಕಳಿಸಬೇಕು ಎಂಬುದನ್ನು ಕಂಪ್ಯೂಟರಿಗೊಂದು, ಫೋನುಗಳಿಗೊಂದು ಎಂದು ಬೇರೆಬೇರೆಯಾಗಿ ಬರೆದಳು. ಬರೆದದ್ದರಲ್ಲಿ ಒಂದು ಓರೆಗೆರೆ ಹೆಚ್ಚಾದರೂ ಬಾಗಿಲು ತೆರೆಯುತ್ತಿರಲಿಲ್ಲ. ಆ ಕಟ್ಟುನಿಟ್ಟು ಅವಳಿಗೆ ಇಷ್ಟವಾಗಿತ್ತು. ಇಗರ್ಜಿಯ ನೇಮದಂತೆ ಅವಳ ಅಪ್ಪ ಯಾವ ಕಚೇರಿಯಲ್ಲೂ ಆಣೆ ಇಟ್ಟವನಲ್ಲ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ, ಆಮೇಲೆ ಬಾಯಿ ಮುಚ್ಚುತ್ತಿದ್ದ. ಆ ಮೂರು ವಾರ ತಾನೂ ಹಾಗೆ ಮಾತಾಡುವ ಯಂತ್ರವೊಂದನ್ನು ಮಾಡುತ್ತಿದ್ದೇನೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ರಸ್ತೆಯ ಎಡಕ್ಕೆ ಧಾನ್ಯದ ಎತ್ತರದ ಉಗ್ರಾಣ ಕಾಣಿಸಿತು. ಅದು ಹತ್ತಿರ ಬರಲು ಇನ್ನೂ ಹದಿನೈದು ನಿಮಿಷ. ಈ ನೆಲದಲ್ಲಿ ಯಾವುದೂ ಇದ್ದಕ್ಕಿದ್ದಂತೆ ಎದುರಾಗುವುದಿಲ್ಲ, ಬರುವುದನ್ನು ನೋಡುತ್ತಲೇ ಇರಬೇಕಾಗುತ್ತದೆ. ಅವಳೂ ನೋಡಿದ್ದಳು. ದೊಡ್ಡ ಕಂಪನಿಯ ಸಾಕ್ಷಿ ಎರಡು ವಿಷಯ ತರುತ್ತದೆ, ಆ ಖಾತೆಯ ಎಂದೂ ಬದಲಾಗದ ಒಂದು ಅಂಕಿ ಮತ್ತು ಒಂದು ಈಮೇಲ್ ವಿಳಾಸ. ಅದೇ ವಿಳಾಸದಲ್ಲಿ ಲ್ಯಾಂಟರ್ನ್‌ನಲ್ಲಿ ಹಳೆಯ ಖಾತೆ ಮೊದಲೇ ಇದ್ದರೆ ಏನು ಮಾಡಬೇಕು? ಹಳೆಯ ಪಾಸ್‌ವರ್ಡನ್ನು ಒಂದು ಸಲ, ಒಂದೇ ಒಂದು ಸಲ ಕೇಳಬೇಕು. ಹೇಳಿದರೆ ಎರಡನ್ನೂ ಸೇರಿಸಬೇಕು. ಅವಳು ಹಾಗೆಯೇ ಮಾಡಿದ್ದಳು. ಮೊದಲ ವಾರದಲ್ಲೇ ಎಂಬತ್ತು ಜನ ಅಲ್ಲೇ ಸಿಕ್ಕಿಕೊಂಡರು. “ಪಾಸ್‌ವರ್ಡ್ ಮರೆತೋರಿಗೆ ಅಂತ ಗುಂಡಿ ಮಾಡಿ, ಗುಂಡಿ ಒತ್ತಿದ್ರೆ ಪಾಸ್‌ವರ್ಡ್ ಕೇಳ್ತೀಯಲ್ಲ ಮಾರ್ಲಿಸ್! ವಿಳಾಸ ಅದೇ ಅಂದಮೇಲೆ ಮನುಷ್ಯನೂ ಅವನೇ ತಾನೆ? ತೆಗೆದುಹಾಕು” ಎಂದ ಬಾಯ್ಚುಕ್. ಅದಕ್ಕೊಂದು ಸಿದ್ಧ ಸೌಲಭ್ಯ ಇತ್ತು: ಒಂದೇ ವಿಳಾಸದ ಖಾತೆಗಳನ್ನು ತಾನಾಗಿಯೇ ಸೇರಿಸು. ಬೂದು ಬಣ್ಣದ್ದು, ಒತ್ತಿದರೆ ಹಸಿರು. ಫೆಬ್ರವರಿಯ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಬೆರಳು ಅದರ ಮೇಲೆ ಇದ್ದಾಗ ಅವಳಿಗೆ ತನ್ನ ಅಪ್ಪ ಅಮ್ಮನ ಈಮೇಲ್ ವಿಳಾಸ ನೆನಪಾಯಿತು. ಪೀಟ್ ಮತ್ತು ನೆಟ್ಟಿ, ನಡುವೆ ಒಂದು ಚುಕ್ಕಿ. ಅವರದೊಂದೇ ಅಲ್ಲ. ಗ್ರೂನ್‌ಹೋಫ್‌ನಲ್ಲಿ ಐವತ್ತು ದಾಟಿದ ಯಾವ ಗಂಡ ಹೆಂಡಿರಿಗೂ ಎರಡು ಈಮೇಲ್ ಇರಲಿಲ್ಲ. ಒಂದು ಹಾಸಿಗೆ, ಒಂದು ಟಪಾಲು ಪೆಟ್ಟಿಗೆ, ಸ್ಮಶಾನದಲ್ಲಿ ಎರಡು ಹೆಸರಿನ ಒಂದೇ ಕಲ್ಲು. ಹಾಗೆಯೇ ಒಂದು ಈಮೇಲ್. ಬೇರೆ ಮಾಡಿಕೊಂಡರೆ ಅವರ ಮನೆಯಲ್ಲೇನೋ ಸರಿಯಿಲ್ಲ ಎಂದು ಅರ್ಥ. ಕಚೇರಿಯ ಏಳು ಜನರಲ್ಲಿ ಇದು ಗೊತ್ತಿದ್ದವಳು ಅವಳೊಬ್ಬಳೇ. ಕಾಫಿಯ ಒಂದು ಗುಟುಕು ಬಾಯಿಯಲ್ಲಿತ್ತು. ನುಂಗಿದಳು. ಹೇಳಿದರೆ ಬಾಯ್ಚುಕ್ ‘ಅಯ್ಯೋ ನಿಮ್ಮ ಜನ’ ಅನ್ನುತ್ತಾನೆ, ರೊವೆನಾ ಏನಾದರೂ ಚಟಾಕಿ ಹಾರಿಸುತ್ತಾಳೆ, ತಾನು ಮತ್ತೆ ಒಂದು ಗಳಿಗೆ ತಡವಾಗಿ ನಗಬೇಕು. ಒತ್ತಿದಳು. ಹಸಿರಾಯಿತು.

ಅದು ಮರೆವಲ್ಲ, ಅಜ್ಞಾನವಲ್ಲ. ಆ ನೆನಪು ಬಂದದ್ದಕ್ಕೆ ಲೋಕದಲ್ಲಿ ಯಾವ ದಾಖಲೆಯೂ ಇಲ್ಲ. ಆರು ವಾರಗಳಿಂದ ಅವಳು ಅದನ್ನು ಹೊತ್ತುಕೊಂಡು ತಿರುಗುತ್ತಿದ್ದಳು, ನಾಲಿಗೆ ಮತ್ತೆ ಮತ್ತೆ ಮುರಿದ ಹಲ್ಲಿಗೇ ಹೋಗುವ ಹಾಗೆ.

ಅವಳಿಗೆ ಸುದ್ದಿ ಮುಟ್ಟಿದ್ದು ಕೇಂದ್ರದ ದೂರಿನಿಂದಲ್ಲ. ಅದು ಬಂದದ್ದು ಅಮ್ಮನಿಂದ. “ಮಾರ್ಲಿಸ್, ಊಟ ಆಯ್ತಾ? ಯಾರಿಗೂ ಹೇಳ್ಬೇಡ, ಪ್ರಾರ್ಥನೆ ಸರಪಳೀಲಿ ಬಂದಿದ್ದು. ನಾನು ಎರಡೇ ಜನಕ್ಕೆ ಹೇಳ್ಬೇಕು, ನೀನು ಮೂರನೆಯೋಳು, ನೀನು ಲೆಕ್ಕಕ್ಕಿಲ್ಲ ಬಿಡು.” ಊರಿನ ಇಗರ್ಜಿಯಲ್ಲಿ ಯಾರಿಗಾದರೂ ಕಷ್ಟ ಬಂದರೆ ಒಬ್ಬಳು ಇಬ್ಬರಿಗೆ ಫೋನು ಮಾಡುತ್ತಾಳೆ, ಆ ಇಬ್ಬರು ನಾಲ್ವರಿಗೆ, ಸಂಜೆಯೊಳಗೆ ನೂರು ಅಡಿಗೆಮನೆಗಳಲ್ಲಿ ತಲೆಗಳು ಬಾಗಿರುತ್ತವೆ. “ಬರ್ಗೆನ್ ಎಲ್ಫ್ರೀಡಾ ಇದಾಳಲ್ಲ, ನಿಂಗೆ ಭಾನುವಾರದ ಶಾಲೇಲಿ ಬಾಯಿಪಾಠ ಹೇಳಿಸ್ತಿದ್ಲಲ್ಲ, ಅವಳೇ. ಆರು ವರ್ಷ ಹಾಸಿಗೆ ಹಿಡಿದಿದ್ದ ಅವಳ ಮಾವ, ಮುದುಕ ಬರ್ಗೆನ್, ಹೋದ ವರ್ಷ ನಿದ್ದೇಲಿ ಹೋದ್ನಲ್ಲ? ನಿದ್ದೇಲಿ ಅಲ್ವಂತೆ ಕಣೆ. ಚಮಚದಲ್ಲಿ ಮಂಚದ ಕಂಬಿ ಬಡೀತಾ ಕರೀತಿದ್ನಂತೆ. ಇವಳು ಅಡಿಗೆಮನೇಲಿ ಹಿಟ್ಟು ಲಟ್ಟಿಸ್ತಾ ಇದ್ದೋಳು ಏಳ್ಲಿಲ್ವಂತೆ. ಮುಕ್ಕಾಲು ಗಂಟೆ! ಬಡಿಯೋದು ನಿಂತಮೇಲೆ ಹೋಗಿ ನೋಡಿದ್ಲಂತೆ. ಯಾರ ಹತ್ರಾನೂ ಹೇಳಿರ್ಲಿಲ್ಲ, ಯಾವ್ದೋ ಫೋನಿನ ಡೈರೀಲಿ ಬರ್ಕೊಂಡಿದ್ಲಂತೆ. ಪಾಪ ಕಾರ್ನಿ. ಗಂಡ ಓದ್ಬಿಟ್ಟ. ಎಂಥ ಮನುಷ್ಯ ಗೊತ್ತಾ? ಭಾನುವಾರ ಎಲ್ಲರ ಮುಂದೆ ಎದ್ದು ನಿಂತು ಕ್ಷಮಿಸಿದೀನಿ ಅಂದ. ನಾವೆಲ್ಲ ಅತ್ವಿ. ಅವಳು ಮಾತ್ರ ಅಳ್ಲಿಲ್ಲ ನೋಡು.” ಮಾರ್ಲಿಸ್ ಆಗ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಕೈಗಂಬಿ ತಣ್ಣಗಿತ್ತು. ಒಂಬತ್ತು ವರ್ಷದವಳಿದ್ದಾಗ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಹನ್ನೆರಡು ಸಾಲು ಒಪ್ಪಿಸಬೇಕಾಗಿತ್ತು. ಏಳನೆಯ ಸಾಲಿಗೆ ಬಂದಾಗ ಬಾಯೊಳಗೆ ಏನೂ ಇರಲಿಲ್ಲ. ಇಗರ್ಜಿಯ ತುಂಬ ಕೋಟುಗಳ ಉಣ್ಣೆಯ ವಾಸನೆ. ಮುಂದಿನ ಬೆಂಚಿನಲ್ಲಿ ಎಲ್ಫ್ರೀಡಾ, ಆಗಿನ್ನೂ ಎಳೆಯ ಹೆಂಗಸು, ದನಿಯಿಲ್ಲದೆ ತುಟಿ ಆಡಿಸಿ ಆ ಸಾಲನ್ನು ಹೇಳಿಕೊಟ್ಟಿದ್ದಳು. ಬೇರೆ ಯಾರಿಗೂ ಕಾಣದ ಹಾಗೆ. ಆಮೇಲೆಂದೂ ಅದರ ಸುದ್ದಿ ಎತ್ತಿರಲಿಲ್ಲ. ಗುಟ್ಟನ್ನು ಗುಟ್ಟಾಗಿ ಇಡಲು ಬರುತ್ತಿದ್ದ ಹೆಂಗಸು. ಹನ್ನೊಂದು ತಿಂಗಳು ಅವಳು ಲ್ಯಾಂಟರ್ನ್‌ಗೆ ಬರೆದಿದ್ದಳು ಎಂದು ದಾಖಲೆ ಹೇಳಿತು. ಸೇರಿಕೊಂಡ ವಿಳಾಸ, ಕಾರ್ನಿ ಮತ್ತು ಎಲ್ಫ್ರೀಡಾ, ನಡುವೆ ಒಂದು ಚುಕ್ಕಿ. ಅವಳಿಗಿದ್ದದ್ದೇ ಅದು. ಅದರ ಮುಂದೆ ತನ್ನದೇ ಒಂದು ಪಾಸ್‌ವರ್ಡಿನ ಅಗುಳಿ ಹಾಕಿಕೊಂಡಿದ್ದಳು.

ಬರ್ಗೆನ್‌ರ ಮನೆ ಊರ ಹೊರಗಿನ ಎರಡನೆಯದು. ಅಂಗಳದಲ್ಲಿ ಕೆಸರು ದಾಟಲು ಹಲಗೆ ಹಾಕಿದ್ದರು. ಕಾರ್ನಿ ಬರ್ಗೆನ್ ಕೊಟ್ಟಿಗೆಯ ಕಡೆಯಿಂದಲೇ ಕೈಯೆತ್ತಿ ಬಂದ. ಎತ್ತರದ, ಬೆನ್ನು ಸ್ವಲ್ಪ ಬಾಗಿದ, ಕೆಂಪು ಕಿವಿಗಳ ಮನುಷ್ಯ. ಅವಳು ಊಹಿಸಿಕೊಂಡು ಬಂದಿದ್ದ ಕಾರ್ನಿ ಇವನಾಗಿರಲಿಲ್ಲ. ಊಹೆಯಲ್ಲಿದ್ದವನು ಸಣಕಲಾಗಿದ್ದ, ಕಳ್ಳ ನೋಟದವನಾಗಿದ್ದ, ಹೆಂಡತಿಯ ಫೋನು ತಡಕುವವನಾಗಿದ್ದ.

“ಉನ್ರಾವ್ ಪೀಟನ ಮಗಳಲ್ವಾ? ಮೂಗು ನೋಡಿದ್ರೇ ಗೊತ್ತಾಗುತ್ತೆ. ಬಾ ಬಾ. ಹಲಗೆ ಮೇಲೇ ಕಾಲಿಡು, ಇಲ್ಲಾಂದ್ರೆ ಮುಂದಿನ ಕೊಯ್ಲಿಗೇ ನಿನ್ನ ಎತ್ತಿ ತೆಗೀಬೇಕಾಗುತ್ತೆ.”

ಬಾಗಿಲ ಹೊರಗೆ ಬೂಟು ಕಳಚುತ್ತ ಅವಳು ಬಾಯ್ಚುಕ್ ಬರೆದುಕೊಟ್ಟಿದ್ದ ಮಾತು ಶುರುಮಾಡಿದಳು. ಕಾರ್ನಿ ತಡೆದ.

“ಅದೆಲ್ಲ ಬೇಡಮ್ಮ. ನಾನೇ ನಿನ್ನ ಮುಖತಃ ಕಂಡು ಹೇಳ್ಬೇಕು ಅಂತಿದ್ದೆ. ಅಪ್ಪ ಹೋದಮೇಲೆ ನಂಗೆ ನಿದ್ದೆ ಇರ್ಲಿಲ್ಲ. ಡಾಕ್ಟ್ರು ಅಂದ್ರು, ಈ ಥರ ಒಂದಿದೆ, ಬರೀರಿ ಅಂತ. ಬರಿಯೋ ಜಾತಿಯೋನಲ್ಲ ನಾನು. ಆದ್ರೂ ಕೂತೆ. ಗುಂಡಿ ಒತ್ತಿದೆ. ಖಾಲಿ ಹಾಳೆ ಬರುತ್ತೆ ಅಂದ್ಕೊಂಡ್ರೆ ಉದ್ದಕ್ಕೆ ಬರವಣಿಗೆ. ಹೀಗೆ ಬರೀಬೇಕು ಅಂತ ತೋರ್ಸೋಕೆ ಮಾದರಿ ಹಾಕಿದಾರೆ ಅಂದ್ಕೊಂಡೆ ನೋಡು! ಯಾರೋ ಪಾಪ, ನಮ್ಮ ಮನೆ ಥರಾನೇ ಇದೆಯಲ್ಲ ಇವರ ಮನೇನೂ ಅಂತ ಓದ್ತಾ ಹೋದೆ.” ಅವನು ನಗಲು ನೋಡಿದ. ಕಿವಿ ಇನ್ನಷ್ಟು ಕೆಂಪಾಯಿತು. “ಚಮಚದ ವಿಷಯ ಬಂತಲ್ಲ, ಆಗ ಗೊತ್ತಾಯ್ತು. ಕರೆಯೋಕೆ ಇರ್ಲಿ ಅಂತ ಆ ಚಮಚ ಅಪ್ಪನ ಕೈಗೆ ಕೊಟ್ಟೋನು ನಾನೇ.”

ಮಾರ್ಲಿಸ್ ಬೂಟಿನ ದಾರ ಹಿಡಿದುಕೊಂಡೇ ಇದ್ದಳು.

“ದೇವರೇ ಒತ್ತಿಸಿದ ಆ ಗುಂಡೀನ. ನಿಂದೇನು ತಪ್ಪಿಲ್ಲ. ಇದ್ರೂ ಕ್ಷಮಿಸಿದೀನಿ. ನಿಮ್ಮ ಕಂಪನೀನೂ ಕ್ಷಮಿಸಿದೀನಿ. ಹೋಗು, ಒಳಗಿದಾಳೆ.” ಅವಳ ಭುಜವನ್ನು ಎರಡು ಸಲ ಮೆಲ್ಲಗೆ ತಟ್ಟಿ ಅವನು ಕೊಟ್ಟಿಗೆಗೆ ಹೊರಟುಹೋದ. ಎಂಟು ದಿನದಿಂದ ಅವಳು ಹೇಗೆ ಕೇಳಲಿ ಎಂದು ಬಾಯಿಪಾಠ ಮಾಡಿದ್ದ ವಸ್ತು, ಕೇಳುವ ಮೊದಲೇ, ಬೂಟು ಕಳಚುವಷ್ಟರಲ್ಲಿ ಅವಳ ಮೈಮೇಲೆ ಬಿದ್ದಿತ್ತು. ಅದಕ್ಕೆ ಏನೂ ತೂಕವಿರಲಿಲ್ಲ. ಭುಜ ತಟ್ಟಿದ ಜಾಗ ಮಾತ್ರ ಬೆಚ್ಚಗಿತ್ತು, ಮತ್ತು ಅವಳಿಗೆ ಅದನ್ನು ಒರೆಸಿಕೊಳ್ಳಬೇಕು ಅನ್ನಿಸಿತು. ಇವನ ಮೇಲೆ ಸಿಟ್ಟು ಮಾಡಿಕೊಂಡು ಹಗುರಾಗಬಹುದು ಎಂದು ದಾರಿಯುದ್ದಕ್ಕೂ ಒಂದು ಆಸೆ ಇತ್ತು. ಅದೂ ಹೋಯಿತು. ಈ ಮನುಷ್ಯನಿಗೆ ಇದ್ದದ್ದು ಒಂದೇ ಸಮಾಧಾನ, ಅಪ್ಪ ನಿದ್ದೆಯಲ್ಲಿ ಹೋದ ಎಂಬುದು. ಅದನ್ನೂ ತೆಗೆದುಕೊಂಡವಳು ತಾನೇ.

ಅಡಿಗೆಮನೆಯ ಮೇಜಿನ ಮೇಲೆ ಮುಚ್ಚಳ ಹಾಕಿದ ಗಾಜಿನ ಪಾತ್ರೆಗಳು, ಒಂದರ ಮೇಲೊಂದು, ಎಂಟೋ ಒಂಬತ್ತೋ. ಒಂದೊಂದರ ಮೇಲೂ ಅಂಟುಪಟ್ಟಿಯಲ್ಲಿ ಬೇರೆ ಬೇರೆ ಮನೆಗಳ ಹೆಸರು. ಸಾವಾದಾಗ ಊರವರು ಹೀಗೆ ಅಡಿಗೆ ಕಳಿಸುತ್ತಾರೆ; ಇಲ್ಲಿ ಸಾವು ಹಳೆಯದು.

“ಕೂತ್ಕೊ ಮಾರ್ಲಿಸ್” ಎಂದಳು ಎಲ್ಫ್ರೀಡಾ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಗಳು ಹಾಗೆಯೇ ಇದ್ದವು. “ಕೋಳಿ ಅನ್ನ ತಿಂತೀಯಾ? ನಾಲ್ಕು ಮನೇದು ಇದೆ. ಕ್ಯಾರೆಟ್ ಹಾಕಿರೋದು, ಹಾಕದೇ ಇರೋದು. ಕ್ಷಮೆ ಸಿಕ್ಕಿದ್ಮೇಲೆ ಈ ಊರಲ್ಲಿ ಹಸಿವು ಅಂತ ಇರಲ್ಲ.”

“ಬೇಡ ಟಾಂಟೆ.” ಆ ಮಾತು, ಊರಿನ ಭಾಷೆಯ ‘ಚಿಕ್ಕಮ್ಮ’, ಇಪ್ಪತ್ತಾರು ವರ್ಷಗಳ ಮೇಲೆ ಅವಳ ಬಾಯಿಂದ ತಾನಾಗಿ ಹೊರಟಿತ್ತು. ಬಾಯ್ಚುಕ್ ಹೇಳಿದ ಹಾಗೆಯೇ ಆಯಿತಲ್ಲ, ಅವರ ಭಾಷೆಯಲ್ಲಿ ಎರಡು ಮಾತು, ಎಂದು ನಾಲಿಗೆ ಕಹಿಯಾಯಿತು.

“ಕಾಫಿನಾದ್ರೂ ಕುಡಿ. ಕಾಗದ ತಂದಿದೀಯಂತೆ. ಕೊಡು.”

“ನೀವು ಓದಿ ನೋಡಿ. ಹಾಕ್ಲೇಬೇಕು ಅಂತೇನಿಲ್ಲ. ವಕೀಲರಿಗೆ ತೋರಿಸ್ಬೇಕು ಅಂದ್ರೂ...”

“ಯಾವ ವಕೀಲ? ನಮ್ಮಲ್ಲಿ ಯಾರು ಹೋಗ್ತಾರೆ ವಕೀಲರ ಹತ್ರ?” ಎಲ್ಫ್ರೀಡಾ ಕನ್ನಡಕ ಹಾಕಿಕೊಂಡು ಓದಿದಳು. ತುಟಿಗಳು ಸ್ವಲ್ಪ ಆಡುತ್ತಿದ್ದವು. “‘ಕುಟುಂಬದ ಸದಸ್ಯರು ಒಂದೇ ಈಮೇಲನ್ನು ಹಂಚಿಕೊಂಡಿದ್ದ ಕಾರಣ.’ ಹೂಂ. ನಿಜ. ಹಂಚ್ಕೊಂಡಿದ್ವಿ. ಮೂವತ್ತೆಂಟು ವರ್ಷದಿಂದ ಎಲ್ಲಾನೂ. ‘ಈ ವಿಷಯವು ತೃಪ್ತಿಕರವಾಗಿ ಬಗೆಹರಿದಿದೆ.’ ಇದನ್ನ ಬರ್ದೋರು ಯಾರು, ನೀನಾ?”

“ಅಲ್ಲ. ನಮ್ಮ ಯಜಮಾನ್ರು.”

“ಒಳ್ಳೆ ಭಾಷೆ.” ಮೇಜಿನ ಮೇಲಿದ್ದ, ದಿನಸಿ ಪಟ್ಟಿ ಬರೆಯುವ ಪೆನ್ಸಿಲನ್ನು ಪಕ್ಕಕ್ಕಿಟ್ಟು ಪೆನ್ನು ಹುಡುಕಿ ಸಹಿ ಮಾಡಿದಳು. ಅಷ್ಟು ಸುಲಭವಾಗಿ, ಹಾಲಿನವನ ಚೀಟಿಗೆ ಹಾಕುವ ಹಾಗೆ. ಸಹಿಯ ಕೆಳಗೆ ಒಂದು ಖಾನೆ: ಸಂಪರ್ಕದ ಈಮೇಲ್. ಅವಳು ಒಂದು ಗಳಿಗೆ ಪೆನ್ನು ಎತ್ತಿ ಹಿಡಿದಳು. ಮಾರ್ಲಿಸ್ ಖಾಲಿ ಬಿಡಿ ಅನ್ನುವಷ್ಟರಲ್ಲಿ ಆ ಕೈ ದುಂಡನೆಯ ಶಾಲೆಯ ಅಕ್ಷರಗಳಲ್ಲಿ ಬರೆಯತೊಡಗಿತ್ತು. ಕಾರ್ನಿ, ಚುಕ್ಕಿ, ಎಲ್ಫ್ರೀಡಾ.

“ನಾನೊಂದು ಬೇರೆ ಮಾಡ್ಕೊಡ್ತೀನಿ ಟಾಂಟೆ. ನಿಮ್ಮೊಬ್ಬರದೇ. ಎರಡು ನಿಮಿಷ ಸಾಕು.”

“ಈಗ್ಲಾ?” ಎಂದಳು ಎಲ್ಫ್ರೀಡಾ. ಅದರಲ್ಲಿ ಚುಚ್ಚು ಇರಲಿಲ್ಲ, ನಿಜವಾಗಿಯೂ ಕೇಳಿದ ಹಾಗಿತ್ತು. “ಅದ್ರಲ್ಲಿ ಏನು ಬರೀಲಿ?”

ಕಾಫಿ ಬಂತು. ಕಿಟಕಿಯಾಚೆ ಹೊಲದ ನೀರಿನಲ್ಲಿ ಬಾತುಗಳು ಇಳಿಯುತ್ತಿದ್ದವು. ಹಾಳೆ ಲಕೋಟೆಗೆ ಹೋಯಿತು, ಕಂಪನಿ ಉಳಿಯಿತು. ಈಗ ಎದ್ದು ಹೊರಟರೆ ಮೂರು ಗಂಟೆಗೆಲ್ಲ ಕಚೇರಿ ಮುಟ್ಟಬಹುದು. ಬಾಯ್ಚುಕ್ ಎಲ್ಲರಿಗೂ ಡೋನಟ್ ತರಿಸುತ್ತಾನೆ. ಇನ್ನೆರಡು ವರ್ಷ, ಐದು ವರ್ಷ, ಆ ಗುರುವಾರದ ಕಾಫಿಯ ಗುಟುಕು ಬಾಯಲ್ಲೇ ಇರುತ್ತದೆ. ಎಲ್ಫ್ರೀಡಾ ಕೂತಿರುವ ಕುರ್ಚಿಯಿಂದ ಮುಂದಿನ ಕೋಣೆಯ ಬಾಗಿಲು ನೇರ ಕಾಣುತ್ತಿತ್ತು. ಮುದುಕನ ಮಂಚ ಇದ್ದ ಕೋಣೆ ಅದೇ ಇರಬೇಕು. ಎಷ್ಟು ಹತ್ತಿರ. ಹತ್ತು ಹೆಜ್ಜೆ. ಆರು ವರ್ಷ ಹಗಲೂ ರಾತ್ರಿಯೂ ಆ ಹತ್ತು ಹೆಜ್ಜೆ ನಡೆದವಳು ಒಂದು ಮಧ್ಯಾಹ್ನ ನಡೆಯಲಿಲ್ಲ. ಬಡಿತ ಕೇಳುತ್ತ ಹಿಟ್ಟಿನ ಅಂಚು ಸಮ ಮಾಡುತ್ತಿದ್ದಳು. ಆ ಮುಕ್ಕಾಲು ಗಂಟೆ ಅವಳೊಳಗೆ ಏನಿತ್ತು ಎಂಬುದು ಆ ಹನ್ನೊಂದು ತಿಂಗಳ ಬರಹದಲ್ಲಿ ಇದೆ. ಕಚೇರಿಯಲ್ಲಿ ಕೂತು ಮಾರ್ಲಿಸ್ ಅದನ್ನು ತೆರೆಯಬಹುದಾಗಿತ್ತು, ಅಷ್ಟು ಅಧಿಕಾರ ಅವಳಿಗಿತ್ತು. ತೆರೆದಿರಲಿಲ್ಲ. ತೆರೆಯದೆ ಇದ್ದುದನ್ನು ಈಗ ಎಲ್ಲಿಯಾದರೂ ತನ್ನ ಹೆಸರಿಗೆ ಜಮಾ ಮಾಡಿಕೊಳ್ಳಬಹುದೇ ಎಂದು ಯೋಚಿಸುತ್ತಿದ್ದೇನೆ ಎಂಬುದು ಅರಿವಾಗಿ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

“ಟಾಂಟೆ, ಅದು ಯಂತ್ರದ ತಪ್ಪಲ್ಲ.”

ಎಲ್ಫ್ರೀಡಾ ನೋಡಿದಳು.

“ಪಾಸ್‌ವರ್ಡ್ ಕೇಳೋದನ್ನ ತೆಗೆದಿದ್ದು ನಾನು. ತೆಗೆಯೋವಾಗ ನಂಗೆ ಗೊತ್ತಿತ್ತು. ನಮ್ಮೂರಲ್ಲಿ ಗಂಡ ಹೆಂಡತಿಗೆ ಒಂದೇ ವಿಳಾಸ ಇರುತ್ತೆ ಅಂತ. ಅಮ್ಮಂದು ನೆನಪಾಯ್ತು. ಹಸಿರಾಗೋಕೆ ಮುಂಚೆ ನೆನಪಾಯ್ತು. ಆಮೇಲಲ್ಲ.” ಅಳುವನ್ನು ತಡೆದುಕೊಂಡಳು, ಅತ್ತರೆ ಈ ಹೆಂಗಸೇ ಎದ್ದು ಬಂದು ಸಮಾಧಾನ ಮಾಡಬೇಕಾಗುತ್ತದೆ ಎಂದು ಹೆದರಿ. “ಹೇಳ್ಬಹುದಿತ್ತು. ಒಂದು ಮಾತು. ಎಲ್ರೂ ನಗ್ತಾರೆ ಅಂತ ಹೇಳ್ಲಿಲ್ಲ. ಅಷ್ಟೇ ಕಾರಣ. ಬೇರೇನೂ ಇಲ್ಲ. ಇದು ಯಾರಿಗೂ ಗೊತ್ತಿಲ್ಲ.”

ಕೊಟ್ಟಿಗೆಯ ಕಡೆ ಕಾರ್ನಿ ಕಬ್ಬಿಣಕ್ಕೆ ಏನೋ ಬಡಿಯುತ್ತಿದ್ದ. ಎಲ್ಫ್ರೀಡಾಳ ಮುಖ ಆ ಕಡೆ ತಿರುಗಿ, ಬಡಿತ ನಿಲ್ಲುವವರೆಗೆ ಹಾಗೆಯೇ ಇತ್ತು.

“ನಗ್ತಾರೆ ಅಂತ” ಎಂದಳು.

“ಹೂಂ.”

“ಚಿಕ್ಕದು, ಅಲ್ವಾ? ಕಾರಣ. ನಂದೂ ಅಷ್ಟೆ. ಅವರು ಹುಡುಕಿದ್ರು, ಅಲ್ಲಿ ಕೂತೋರು, ಉತ್ತರ ಬರಿಯೋರು. ಮುದುಕ ನಿಮಗೆ ಹೊಡೀತಿದ್ನಾ, ಬೈತಿದ್ನಾ, ಅಂತ. ಏನೂ ಇಲ್ಲ. ಒಳ್ಳೆ ಮುದುಕ. ಹಿಟ್ಟು ಒಣಗಿ ಹೋಗ್ತಿತ್ತು, ಅಷ್ಟೆ.” ಅವಳು ತನ್ನ ಲೋಟವನ್ನು ತಟ್ಟೆಯ ಮೇಲೆ ತಿರುಗಿಸಿದಳು. “ಅದನ್ನ ದಿನಾ ಸ್ವಲ್ಪ ಸ್ವಲ್ಪ ಬರೀತಿದ್ದೆ. ಇನ್ನೊಂದು ವರ್ಷ ಬರ್ದಿದ್ರೆ ಅದರ ತಳ ಸಿಗ್ತಿತ್ತೇನೋ. ಕಾರ್ನಿ ಎದ್ದು ನಿಂತ. ಒಂದೇ ನಿಮಿಷದಲ್ಲಿ ಮುಗಿಸಿಬಿಟ್ಟ. ಈಗ ಅಂಗಡೀಲಿ ಹೆಂಗಸ್ರು ನನ್ನ ಕೈ ಹಿಡ್ಕೋತಾರೆ. ಮಕ್ಕಳು ಫೋನು ಮಾಡಿ ‘ಮಮ್ಮಾ, ನಾವೂ ಕ್ಷಮಿಸಿದೀವಿ’ ಅಂತಾರೆ. ಅಪ್ಪನ ಸಾವಿಗೆ ಅಳ್ಬೇಕಾದೋನು ನನ್ನ ಹತ್ರ ನಗ್ತಾ ಇರ್ತಾನೆ, ಬೆಳಗಿಂದ ಸಂಜೆತನಕ. ಕ್ಷಮಿಸಿದೋನು ನಗ್ಬೇಕಲ್ಲ. ನಾನು ತಲೆ ತಗ್ಗಿಸಿ ಥ್ಯಾಂಕ್ಸ್ ಅಂತಿರ್ಬೇಕು.”

“ಅದಕ್ಕೇ ನಾನು ಬಂದಿದ್ದು. ಕಾಗದಕ್ಕಲ್ಲ.” ಮಾರ್ಲಿಸ್‌ಗೆ ತನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ, ಮೇಜಿನ ಮೇಲೆ, ಯಾರದೋ ಹೆಸರಿನ ಪಾತ್ರೆಯ ಪಕ್ಕ ಇಟ್ಟಳು. “ಕಾರ್ನಿ ಆಗಲೇ ಕ್ಷಮಿಸಿದೀನಿ ಅಂದ್ರು. ಅದು ನಂಗೆ ಬೇಡ. ನೀವು ಕ್ಷಮಿಸಿ ಟಾಂಟೆ. ನಿಮ್ಮ ಬಾಯಲ್ಲಿ ಒಂದ್ಸಲ ಕೇಳಿದ್ರೆ ಸಾಕು, ಹೊರಟೋಗ್ತೀನಿ.”

ಈ ಅಡಿಗೆಮನೆಯಲ್ಲಿ, ಈ ಊರಿನಲ್ಲಿ, ಆ ಮಾತನ್ನು ಬೇಡಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಿಲ್ಲ. ಬೇಲಿ ಮುರಿದವನಿಗೆ, ಸುಳ್ಳು ಹೇಳಿದವನಿಗೆ, ಕುಡಿದು ಟ್ರಕ್ಕು ಓಡಿಸಿ ಮಗುವನ್ನು ಕೊಂದವನಿಗೆ ಕೂಡ ಸಿಕ್ಕಿತ್ತು. ಸಮಾಧಿಯ ಮಣ್ಣು ಆರುವ ಮೊದಲೇ ಅವನ ಮನೆಗೂ ಗಾಜಿನ ಪಾತ್ರೆಗಳು ಹೋಗಿದ್ದವು. ಸಿಗುತ್ತದೆ ಎಂದು ಗೊತ್ತಿದ್ದೇ ಅವಳು ಬಂದಿದ್ದಳು, ಅದು ಅವಳಿಗೆ ಈ ಗಳಿಗೆಯಲ್ಲಿ ಸ್ಪಷ್ಟವಾಯಿತು. ಎಲ್ಫ್ರೀಡಾ ಕನ್ನಡಕ ತೆಗೆದು ಏಪ್ರನ್ನಿನ ಅಂಚಿನಲ್ಲಿ ಒರೆಸಿ, ಮಡಿಸಿ, ಅವಳನ್ನು ನೋಡಿದಳು. ಆ ನೋಟದಲ್ಲಿ ದ್ವೇಷವಿರಲಿಲ್ಲ. ಮೆಲ್ಲಗೆ, ಪಾಠ ಹೇಳಿಕೊಡುವಷ್ಟು ಬಿಡಿಸಿ ಬಿಡಿಸಿ ಹೇಳಿದಳು:

“ಇಲ್ಲ, ಮಾರ್ಲಿಸ್. ಉಳಿದಿದ್ದೆಲ್ಲ ಎಲ್ಲರ ಕೈಗೂ ಹೋಗಿದೆ. ಇದೊಂದು ನನ್ನದು. ಕೊಡಲ್ಲ.”